ಅಗುಳಿಮೀನಿನ ಹೆಸರು ಮತ್ತು ಅದರ ಆಯ್ಕೆ

ಮೀನುಗಳ ಜಾತಿಭೇದವನ್ನರಿತು ಒಂದೊಂದಕ್ಕೂ ಉಚಿತವಾದ ಮೇವನ್ನು ಗೊತ್ತುಪಡಿಸುವ ವಿದ್ಯೆಯು ಕರ್ಣಾಟಕಕ್ಕೆ ಹೊಸತೇನೂ ಅಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು (1126-1138) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೊಂದುಂಟು. ಅದರಲ್ಲಿ ಮೂವತ್ತಕ್ಕೆ ಮೇಲ್ಪಟ್ಟ ಮೀನುಗಳು ಕಡಲಿನವು ಹೊಳೆಯವು ಎಂದೂ, ಹುರುಪೆಯುಳ್ಳವು ಇಲ್ಲದವು ಎಂದೂ, ಒಡಲಿನ ಗಾತ್ರವನ್ನನುಸರಿಸಿಯೂ ವಿಂಗಡಿಸಲ್ಪಟ್ಟಿವೆ. ಯಾವ ಮೀನಿಗೆ ಯಾವ ಆಹಾರವು ಪ್ರಿಯವೆಂಬುದೂ ಹೇಳಲ್ಪಟ್ಟಿದೆ. ಗಾಳದ ಆಟಕ್ಕಾಗಿ ಬರೆದ ಪ್ರಕರಣವಾದರೂ ಇದರ ದೃಷ್ಟಿಯು ಕೇವಲ ಬೇಟೆಗಾರನದಲ್ಲ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ಇದನ್ನು 1951ರಲ್ಲಿ ತಮ್ಮ ಶಾಸ್ತ್ರದ ಬೆಳಕಿನಲ್ಲಿ ಪರಿಶೀಲಿಸಿ ಲೇಖನವನ್ನು ಬರೆದರು. ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯು 1117ರಲ್ಲಿ ನಡೆಯಿತು. ಹೊಯ್ಸಳ ವಿಷ್ಣುವರ್ಧನನು ಹೆಸರಿಗಾದರೂ ಚಾಲುಕ್ಯರ ಸಾಮಂತನಾಗಿದ್ದ ಕಾಲದಲ್ಲಿಯೇ ಈ ಗ್ರಂಥವು ಹುಟ್ಟಿತು.

ಆ ಬೇಲೂರಿನ ತಾಲೂಕಿನಲ್ಲಿ ಹೋಬಳಿಯೊಂದಕ್ಕೆ ಹೆಸರು ಕೊಟ್ಟಿರುವ ಮಾದಿಹಳ್ಳಿಯು ಕಡಲನ್ನು ಕಂಡ ಊರಲ್ಲ. ಅಲ್ಲಿಂದ ಪಡುವಣ ತೀರಕ್ಕೆ ಹೋಗತಕ್ಕವರು ಶಿರಾಡಿಯ ಘಟ್ಟವನ್ನೋ ಚಾರ್ಮಾಡಿಯ ಘಟ್ಟವನ್ನೋ ಇಳಿಯಬೇಕು. ನೆರೆಯ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಟ್ಟಿಕೆಗಳಲ್ಲಿ ಮಕರಗಳು ಸಾಲುಗಟ್ಟಿ ನಿಂತಿವೆಯಾದರೂ ಕಲ್ಲಿನ ಮಕರಕ್ಕೆ ಉಪ್ಪುನೀರೂ ಬೇಡ, ಮೇವೂ ಬೇಡ. ಈಗಿನ ಕಾಲದಲ್ಲಿ ಇಂತಹ ಒಳನಾಡಿನ ಮನೆಯಲ್ಲಿಯೂ ಗಾಜಿನ ತೊಟ್ಟಿಯೊಂದರೊಳಗೆ ಹವಳದ ದಿಬ್ಬದ ಬಾಳನ್ನು ಚಿಕ್ಕದಾಗಿ ನಿರ್ಮಿಸುವುದು ಸಾಧ್ಯವಾಗಿದೆ. ಹಾಗೆ ನಿರ್ಮಿಸಿದವನ ಕಣ್ಣು ಬೇಗನೆ ಬೀಳುವುದು ಇಂಗ್ಲಿಷಿನಲ್ಲಿ ಟ್ರಿಗರ್‌ಫಿಷ್ ಎನಿಸುವ ಮೀನಿನ ಮೇಲೆ. ಬಣ್ಣದಲ್ಲಿಯೂ ಬುದ್ಧಿಯಲ್ಲಿಯೂ ಅದಕ್ಕೆ ಸಮನಾದುವು ವಿರಳ. ತೊಟ್ಟಿಯ ಮಿಕ್ಕ ಜೀವಿಗಳನ್ನು ಒಂದೆರಡು ವಾರಗಳಲ್ಲಿಯೇ ಬರಿದುಮಾಡುವುದರಲ್ಲಿಯೂ ಹಾಗೆಯೇ. ಆದಕಾರಣ ಈ ಕುಲದಲ್ಲಿ ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು ಎಂಬುದು ವಿಚಾರಾರ್ಹವಾದ ವಿಷಯ.

ಮೊದಲು ಹೆಸರಿನ ಮಾತು. ಈ ಕುಲದಲ್ಲಿ ಸುಮಾರು 40 ಜಾತಿಗಳಿವೆ. ಇವೆಲ್ಲಕ್ಕೂ ಬೆನ್ನಿನ ಮುಂಭಾಗದಲ್ಲಿ ಮೂರು ಮುಳ್ಳುಗಳುಂಟು. ಮೊದಲನೆಯದು ದಪ್ಪ, ಎರಡನೆಯದು ಸಣ್ಣದು, ಮೂರನೆಯದು ಲೆಕ್ಕಕ್ಕೆ ಮಾತ್ರ. ಹೆದರಿದ ಮೀನು ಬಂಡೆಯ ಬಿರುಕನ್ನು ಹೊಕ್ಕು ಮೊದಲನೆಯ ಮುಳ್ಳನ್ನು ನೆಟ್ಟಗೆ ನಿಲ್ಲಿಸುವುದು. ಎರಡನೆಯದು ಮುಂದೆ ಸರಿದು ಅದರ ಬುಡಕ್ಕೆ ಆನಿಕೊಳ್ಳುವುದು. ಅಲ್ಲಿಗೆ ಮುಳ್ಳು ಭದ್ರವಾಯಿತು. ಎಷ್ಟೇ ಬಲವಾಗಿ ಒತ್ತಿದರೂ ಮೊದಲನೆಯದು ಬಾಗದು. ಎರಡನೆಯದನ್ನು ಒತ್ತಿದೊಡನೆಯೇ ಮಡಚಿಕೊಳ್ಳುವುದು. ಈ ಯಂತ್ರವನ್ನು ಕಂಡ ಇಟಲಿಯವರು ಮೀನಿಗೆ ಅಡ್ಡಬಿಲ್ಲಿನ ಹೆಸರನ್ನಿಟ್ಟರು. ಲಿನೇಯಸನು 1758ರಲ್ಲಿ ಬಳಸಿದ ‘ಬ್ಯಾಲಿಸ್ಟಿಸ್’ ಎಂಬ ಶಾಸ್ತ್ರೀಯ ನಾಮವೂ ಲ್ಯಾಟಿನ್ ಭಾಷೆಯ ಯುದ್ಧಯಂತ್ರದ ಹೆಸರಿನಿಂದಲೇ ಬಂದುದು. ಇಂಗ್ಲಿಷರು ಅಡ್ಡಬಿಲ್ಲನ್ನು ಬಿಟ್ಟು ಅದನ್ನು ಸಡಿಲಿಸುವ ಕೀಲನ್ನು ಮಾತ್ರ ಉಳಿಸಿಕೊಂಡರು.

ಕನ್ನಡದಲ್ಲಿ ಏನೆನ್ನತಕ್ಕದ್ದು? ಬಂದೂಕದ ಆ ಭಾಗಕ್ಕೆ ಕನ್ನಡಿಗರು ‘ಕುದುರೆ’ ಎನ್ನುವ ರೂಢಿಯುಂಟು. ಆದರೆ ‘ಕುದುರೆಮೀನು’ ಎಂದರೆ ಕೇಳಿದವರ ಮನಸ್ಸಿಗೆ ತೀರ ಬೇರೆಯಾದ ಕಡಲಕುದುರೆಯೇ ಬರುವುದು. ಭಾಷಾಂತರದಲ್ಲಿ ಪದಕ್ಕೆ ಪದವನ್ನಿಟ್ಟರೆ ಆಗುವ ಅನರ್ಥಕ್ಕೆ ಪಾಠಶಾಲೆಯಲ್ಲಿ ತೋರಿಸಬಹುದಾದ ಒಳ್ಳೆಯ ನಿದರ್ಶನವಿದು. ಮೀನು ಮಾಡುವ ಕೆಲಸವನ್ನು ನೋಡಿದರೆ ಅದು ಹೊಡೆಯುವ ಕೆಲಸವಲ್ಲ, ಬಾಗಿಲು ಭದ್ರಪಡಿಸುವ ಕೆಲಸ. ಆದುದರಿಂದ ಮನೆಯ ಬಾಗಿಲಿನ ಅಗುಳಿಯಿಂದ ‘ಅಗುಳಿಮೀನು’ ಎಂದು ಕರೆಯುವುದು ಯುಕ್ತವಾಗಿ ತೋರುವುದು. ಈ ಲೇಖನದಲ್ಲಿ ಆ ಹೆಸರನ್ನೇ ಬಳಸಿದೆ.

ಕರಾವಳಿಯ ಬೆಸ್ತರಾದರೋ ಪಂಡಿತರಿಗಾಗಿ ಕಾಯಲಿಲ್ಲ. ಮಲ್ಪೆ ಮಂಗಳೂರುಗಳ ಕಡೆ ಈ ಕುಲದ ಒಂದು ಜಾತಿಯು ಕೆಲವು ವರ್ಷಗಳಿಂದ ಬಲೆಗಳಲ್ಲಿ ರಾಶಿರಾಶಿಯಾಗಿ ಬೀಳುತ್ತಿದೆ. ಅದಕ್ಕೆ ಅವರು ಇಟ್ಟ ಹೆಸರು ‘ಕಾರ್ಗಿಲ್’; 1999ರ ಯುದ್ಧದ ಜ್ಞಾಪಕವು ಹೀಗೆ ಹಿಮಾಲಯದಿಂದ ಅರಬ್ಬಿ ಸಮುದ್ರಕ್ಕೆ ಇಳಿದುಬಂದಿದೆ. ಒಡಲು ಕಪ್ಪು ಬೆರೆತ ನೀಲಿ, ಬಾಲದ ಎರಡು ತುದಿಗಳೂ ಎಳೆಯಾಗಿ ನೀಳ, ಹಲ್ಲು ಕೆಂಪು. ಇದರ ಶಾಸ್ತ್ರೀಯ ನಾಮ ‘ಒಡೋನಸ್ ನೈಗರ್’. ರ್‍ಯೂಪೆಲ್ ಎಂಬ ಜರ್ಮನ್ ಪಂಡಿತನು 1836ರಲ್ಲಿ ವರ್ಣಿಸಿದ್ದು. ತೊಗಲು ಗಡಸಾಗಿರುವುದರಿಂದ ಊಟದ ಮೀನಾಗಿ ಇದಕ್ಕೆ ಬೆಲೆಯಿಲ್ಲ. ಬಹುಪಾಲು ಮೀನುಹುಡಿಯ ಕಾರ್ಖಾನೆಗಳಿಗೆ ಹೋಗುವುದು. ಹೀಗೆ ಬುಟ್ಟಿಗಟ್ಟಲೆ ಅಗ್ಗವಾಗಿ ಹೋಗುವ ಈ ಜಾತಿಯನ್ನೇ ಪರದೇಶಗಳ ಮೀನುಸಾಕಣೆಗಾರರು ಒಂದೊಂದಾಗಿ ಹಣ ತೆತ್ತು ಕೊಳ್ಳುವರು. ಹವಳದ ತೊಟ್ಟಿಗೆ ಸಲ್ಲುವ ಕೆಲವೇ ಅಗುಳಿಮೀನುಗಳಲ್ಲಿ ಇದೂ ಒಂದೆಂಬುದೇ ಅದಕ್ಕೆ ಕಾರಣ.

ಏಕೆ ಸಲ್ಲುವುದೆಂಬುದಕ್ಕೆ ಉತ್ತರವು ಮುಳ್ಳಿನಲ್ಲಿಲ್ಲ. ಹೆಸರುಗಳೆಲ್ಲವೂ ಮುಳ್ಳನ್ನು ಕುರಿತಿದ್ದರೂ ಸಾಕುವವನು ನೋಡತಕ್ಕದ್ದು ಬಾಯನ್ನು. ಅಗುಳಿಮೀನಿನ ಬಾಯಿ ಕಿರಿದು, ದವಡೆ ಬಲವಾದುದು. ಪ್ರತಿ ದವಡೆಯ ಹೊರಸಾಲಿನಲ್ಲಿ ಉಳಿಯಂತಹ 8 ಹಲ್ಲುಗಳು. ಕಣ್ಣುಗಳು ಮೂತಿಯಿಂದ ಬಹುದೂರ ಹಿಂದಕ್ಕೂ ಮೇಲಕ್ಕೂ ಸರಿದಿವೆ. ಈ ರಚನೆಯ ಪ್ರಯೋಜನವು ಅದು ಕಡಲ ಅರ್ಚಿನ್ ಎಂಬ ಮುಳ್ಳುಚೆಂಡನ್ನು ತಿನ್ನುವಾಗ ತಿಳಿಯುವುದು. ಆ ಪ್ರಾಣಿಗೆ ಮೇಲೆಲ್ಲ ಉದ್ದವಾದ ಮುಳ್ಳು, ಅಡಿಯಲ್ಲಿ ಮಾತ್ರ ಮೃದು. ಅಗುಳಿಮೀನು ಬಾಯಿಂದ ನೀರನ್ನು ರಭಸವಾಗಿ ಊದಿ ಅದನ್ನು ಮಗುಚಿ ಅಡಿಯನ್ನು ಕಚ್ಚುವುದು. ಕಣ್ಣು ದೂರದಲ್ಲಿರುವುದರಿಂದ ಮುಳ್ಳು ತಾಗದು. ಹೀಗೆ ನೆಲದ ಮೇಲೆ ಚಿಪ್ಪು ಒಡೆದು ಬಾಳುವ ಮೀನಿಗೆ ತೊಟ್ಟಿಯೊಳಗಣ ಸಿಗಡಿ, ಏಡಿ, ಬಸವನಹುಳು, ಹವಳ, ಸ್ಪಂಜು ಎಲ್ಲವೂ ಬಡಿಸಿದ ಎಲೆ. ಅದನ್ನು ದುಷ್ಟನೆನ್ನುವುದು ಸರಿಯಲ್ಲ. ಹುಟ್ಟಿನಿಂದ ಬಂದ ಕಸುಬನ್ನು ಅದು ಮಾಡುವುದು.

ಕುಲದ ಎಲ್ಲವೂ ಹೀಗೆ ನೆಲವನ್ನು ನಂಬಿ ಬದುಕುವುದಿಲ್ಲ. ಕೆಲವು ಜಾತಿಗಳು ದಿಬ್ಬದ ಅಂಚಿನಲ್ಲಿ ನಡುನೀರಿನಲ್ಲಿ ಹಿಂಡಾಗಿ ನಿಂತು, ಪ್ರವಾಹದಲ್ಲಿ ತೇಲಿಬರುವ ಸೂಕ್ಷ್ಮಪ್ರಾಣಿಗಳನ್ನು ಆಯ್ದು ತಿನ್ನುವುವು. ಅಪಾಯ ಬಂದಾಗ ಮಾತ್ರ ಇಳಿದು ಬಿರುಕನ್ನು ಹೊಗುವುವು. ಇವುಗಳಲ್ಲಿ ಮುಖ್ಯವಾದ ಎರಡು ಪಂಗಡಗಳನ್ನು, ಎಂದರೆ ಒಡೋನಸ್ ಮತ್ತು ಕ್ಸ್ಯಾಂತಿಕ್ತಿಸ್‌ಗಳನ್ನು, ಅಂಗಡಿಯಲ್ಲಿ ನಿಂತೇ ಗುರುತಿಸಬಹುದು: ಗಲ್ಲವು ಮೇಲ್ದುಟಿಯನ್ನು ಮೀರಿ ಮುಂದಕ್ಕೆ ಚಾಚಿದೆ, ಬಾಯಿ ಮೇಲ್ಮುಖವಾಗಿ ತೆರೆಯುವುದು. ಮೇಲಿನಿಂದ ಬರುವುದನ್ನು ಹಿಡಿಯುವ ಬಾಯಿ ಅದು, ಕೆಳಗಿರುವುದನ್ನು ಒಡೆಯುವುದಕ್ಕಾಗಿ ಆದುದಲ್ಲ. ಹಲ್ಲಿನಿಂದಲೇ ಹೆಸರು ಪಡೆದ ಒಡೋನಸ್ ಈ ಸೌಮ್ಯರ ಪಂಕ್ತಿಯಲ್ಲಿರುವುದು ನಾಮಕರಣದ ವಿಚಿತ್ರಗಳಲ್ಲೊಂದು.

ಬಿಡಬೇಕಾದವುಗಳಲ್ಲಿ ಮೊದಲನೆಯದು ಬ್ಯಾಲಿಸ್ಟೇಪಸ್ ಅಂಡ್ಯುಲೇಟಸ್. ಹಸುರು ಮೈಮೇಲೆ ಕಿತ್ತಿಳೆಯ ಓರೆಗೆರೆಗಳಿರುವ ಇದು ಅತಿ ಸುಂದರ. ಹವಳವನ್ನೂ ಕಚ್ಚುವುದು, ಜೊತೆಯ ಮೀನುಗಳನ್ನೂ ಬಾಳಗೊಡದು. ಇದನ್ನು ಸುಮಾತ್ರದಿಂದ ತಂದು 1797ರಲ್ಲಿ ವರ್ಣಿಸಿದವನು ಮುಂದೆ ನೈಜರ್ ನದಿಯ ಶೋಧಕನಾಗಿ ಪ್ರಸಿದ್ಧನಾದ ಮಂಗೋ ಪಾರ್ಕ್ ಎಂಬುದು ಪ್ರಾಸಂಗಿಕವಾಗಿ ಸ್ಮರಣೀಯ. ಕಪ್ಪು ಒಡಲಿನ ಅಡಿಯಲ್ಲಿ ದೊಡ್ಡ ಬಿಳಿಯ ಬೊಟ್ಟುಗಳಿರುವ ‘ವಿದೂಷಕ’ ಅಗುಳಿಮೀನನ್ನು (ಬ್ಯಾಲಿಸ್ಟಾಯ್ಡಿಸ್ ಕಾನ್‌ಸ್ಪಿಸಿಲಮ್) ಮರಿಯಾಗಿದ್ದಾಗ ಕಂಡವರು ಕೊಳ್ಳದೆ ಬರುವುದು ಕಷ್ಟ. ಆದರೆ ಅದು 50 ಸೆಂಟಿಮೀಟರಿನವರೆಗೆ ಬೆಳೆಯುವುದು. ಸ್ವಭಾವವು ಗಾತ್ರದೊಡನೆಯೇ ಕೆಡುವುದು. ಅದರ ದಾಯಾದಿಯಾದ ಬ್ಯಾಲಿಸ್ಟಾಯ್ಡಿಸ್ ವಿರಿಡೆಸೆನ್ಸ್ 75 ಸೆಂಟಿಮೀಟರ್ ಮುಟ್ಟುವುದು, ಗೂಡು ಕಾಯುವ ಕಾಲದಲ್ಲಿ ಮುಳುಗುಗಾರರನ್ನೇ ಅಟ್ಟಿಸಿಕೊಂಡು ಹೋಗಿ ಕಚ್ಚುವುದು. ಮನೆಯ ಮಾತೇ ಇಲ್ಲ.

ಹವಾಯಿಯವರು ರೈನೆಕ್ಯಾಂತಸ್ ಪಂಗಡದ ಮೀನನ್ನು ‘ಹುಮುಹುಮುನುಕುನುಕುಆಪುಆಅ’ ಎಂದು ಕರೆಯುವರು. ಹನ್ನೆರಡು ಅಕ್ಷರಗಳ ಈ ಹೆಸರಿಗೆ ಹಂದಿಯಂತಹ ಮೂತಿಯುಳ್ಳ ಅಗುಳಿಮೀನು ಎಂದು ಅರ್ಥ. 1985ರಲ್ಲಿ ಅದು ಆ ಸಂಸ್ಥಾನದ ಲಾಂಛನಮತ್ಸ್ಯವಾಯಿತು. ಐದು ವರ್ಷಗಳ ಅವಧಿ ತೀರಿ ಪದವಿ ಹೋಗಿ, 2006ರಲ್ಲಿ ಶಾಶ್ವತವಾಗಿ ಮರಳಿ ಬಂದಿತು. ಮೂತಿಯ ವಿಷಯದಲ್ಲಿ ಹವಾಯಿಯವರ ಕಣ್ಣು ಲಿನೇಯಸನದಕ್ಕಿಂತ ಚುರುಕಾದುದೆನ್ನಬೇಕು: ಹಂದಿಯಂತೆಯೇ ಅದು ನೆಲವನ್ನು ಕೆದಕಿ ತಿನ್ನುವುದು. ಮೀನುಗಳು ಮಾತ್ರವೇ ಇರುವ ತೊಟ್ಟಿಗೆ ಅದು ಸಲ್ಲಬಹುದು, ಹವಳದ ತೊಟ್ಟಿಗೆ ಸಲ್ಲದು.

ಆರಿಸತಕ್ಕವುಗಳಲ್ಲಿ ಅಗ್ರಸ್ಥಾನವು ಕ್ಸ್ಯಾಂತಿಕ್ತಿಸ್ ಆರೋಮಾರ್ಜಿನೇಟಸ್‌ಗೆ ಸಲ್ಲಬೇಕು. ಬೆನೆಟ್ ಎಂಬಾತನು 1832ರಲ್ಲಿ ವರ್ಣಿಸಿದ ಈ ಮೀನು ಹಿಂದೂಮಹಾಸಾಗರದ್ದೇ. ಗಂಡಿನ ಗಲ್ಲ ಕಡುನೀಲಿ, ರೆಕ್ಕೆಗಳ ಅಂಚು ಹೊನ್ನಿನದು. ಹೆಣ್ಣಿಗೆ ಆ ನೀಲಿಯಿಲ್ಲ. ಹೀಗೆ ಗಂಡುಹೆಣ್ಣುಗಳನ್ನು ಕಂಡೊಡನೆ ತಿಳಿಯಬಹುದಾದುದರಿಂದ ಜೋಡಿಯನ್ನು ಸಾಕುವುದೂ ಸಾಧ್ಯ. ಬೇರೆ ಅಗುಳಿಮೀನುಗಳಲ್ಲಿ ತೊಟ್ಟಿಗೊಂದೇ ಎಂಬುದು ನಿಯಮ. ಗಾತ್ರ ಒಂದು ಗೇಣಿನ ಆಸುಪಾಸು. ಹವಳವನ್ನು ಮುಟ್ಟುವುದು ಅಪೂರ್ವ. ಸಣ್ಣ ಸಿಗಡಿಗಳನ್ನು ಮಾತ್ರ ಇದರ ಎದುರಿಗೂ ನಂಬಿ ಬಿಡಬಾರದು. ಎರಡನೆಯದು ಕಾರ್ಗಿಲ್ ಮೀನೇ. ಇದಕ್ಕೆ ಆಗುವ ದೋಷ ಬೆಳವಣಿಗೆ: ಕಡಲಿನಲ್ಲಿ 50 ಸೆಂಟಿಮೀಟರಿನವರೆಗೂ ಆಗಬಲ್ಲುದು, ಸ್ಪಂಜನ್ನೂ ತಿನ್ನುವುದು, ದೊಡ್ಡದಾದಂತೆ ಸಂಕೋಚವನ್ನು ಬಿಟ್ಟು ಮುಂದಾಳುತನಕ್ಕೆ ನಿಲ್ಲುವುದು. 1973ರಲ್ಲಿ ಹೆಸರು ಪಡೆದ ಮೆಲಿಕ್ತಿಸ್ ಇಂಡಿಕಸ್ ಪಾಚಿಯನ್ನೂ ತೇಲುಜೀವಿಗಳನ್ನೂ ತಿಂದು ಬಾಳುವ ಮಧ್ಯಮ.

ಇನ್ನು ಮಾದಿಹಳ್ಳಿಯಂತಹ ಊರಿನ ಮನೆಯಲ್ಲಿ ಇದನ್ನು ನಡೆಸುವ ಬಗೆ. ಕ್ಸ್ಯಾಂತಿಕ್ತಿಸ್‌ಗೆ 450 ಲೀಟರಿಗೆ ಕಡಮೆಯಾದ ತೊಟ್ಟಿಯು ಸಾಲದು. ಕಾರ್ಗಿಲ್ ಮೀನಿಗೆ 700 ಲೀಟರಾದರೂ ಬೇಕು. ಲೀಟರಿಗೆ 35 ಗ್ರಾಂ ಲವಣದಂತೆ 500 ಲೀಟರಿಗೆ ಹದಿನೇಳೂವರೆ ಕಿಲೋ ಆಯಿತು. ಅಡುಗೆಯ ಉಪ್ಪು ಕೆಲಸಕ್ಕೆ ಬಾರದು, ಸುಣ್ಣ ಮೆಗ್ನೀಸಿಯಗಳನ್ನು ಒಳಗೊಂಡ ಕಡಲುಪ್ಪಿನ ಮಿಶ್ರಣವೇ ಬೇಕು. ಕೊಳವೆಬಾವಿಯ ಗಡಸುನೀರನ್ನು ಹಾಗೆಯೇ ಬೆರೆಸದೆ ಸೋಸುಯಂತ್ರದಲ್ಲಿ ನಿರ್ಲವಣಗೊಳಿಸಿ ಬಳಸತಕ್ಕದ್ದು. ಪುಷ್ಯಮಾಸದ ರಾತ್ರಿಗಳಲ್ಲಿ ಆ ಸೀಮೆಯ ಚಳಿಯು ಮೀನಿಗೆ ಆಗದು. ನೀರನ್ನು ಸುಮಾರು 25 ಡಿಗ್ರಿಯಲ್ಲಿ ನಿಲ್ಲಿಸುವ ಕಾವುಗೋಲು ಬೇಕು. ವಿದ್ಯುತ್ತು ನಿಂತಾಗ ಗಾಳಿಯಾಡಿಸಲು ಬ್ಯಾಟರಿಯ ಪಂಪು ಇರದಿದ್ದರೆ ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ನೀರಿನ ಅಮೋನಿಯವನ್ನು ಜೀರ್ಣಿಸುವ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ನಾಲ್ಕಾರು ವಾರಗಳು ಹಿಡಿಯುವುವು. ಅಗುಳಿಮೀನನ್ನು ಎಲ್ಲಕ್ಕೂ ಕೊನೆಯಲ್ಲಿ ಬಿಡತಕ್ಕದ್ದು. ಮೊದಲು ಬಂದರೆ ತೊಟ್ಟಿಯನ್ನೆಲ್ಲ ತನ್ನದೆಂದೇ ತಿಳಿಯುವುದು.

ಹವಳದ ವಿಷಯದಲ್ಲಿ ಇನ್ನೊಂದು ಎಚ್ಚರವು ಅವಶ್ಯಕ. ದಿಬ್ಬವನ್ನು ಕಟ್ಟುವ ಕಲ್ಲುಹವಳಗಳೂ ಕರಿಹವಳವೂ ಸಮುದ್ರದ ಬೀಸಣಿಗೆಗಳೂ 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲನೆಯ ಅನುಸೂಚಿಗೆ 2001ರಲ್ಲಿ ಸೇರಿದುವು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಣ ಹವಳವನ್ನಾಗಲಿ ಬೇರೆಡೆಯದನ್ನಾಗಲಿ ಕಿತ್ತು ತರುವುದೂ ಮಾರುವುದೂ ಅಪರಾಧ. ಅಂಗಡಿಯವನು ಕೊಡುವೆನೆಂದ ಮಾತ್ರಕ್ಕೆ ಅದು ನಿರ್ದೋಷವಾಗದು. ಭಾರತದಲ್ಲಿ ತೊಟ್ಟಿಯನ್ನು ಬರಿಯ ಕಲ್ಲಿನಿಂದಲೂ ಶಾಸನಕ್ಕೆ ಒಳಪಡದ ಜೀವಿಗಳಿಂದಲೂ ಅಣಿಗೊಳಿಸಬೇಕಾಗಿದೆ. ಇಷ್ಟರಮಟ್ಟಿಗೆ ಅಗುಳಿಮೀನಿನಿಂದ ಆಗುವ ನಷ್ಟವೂ ಕಡಮೆಯೇ.

ಕೊಳ್ಳುವಾಗ ಮೀನನ್ನು ಅಂಗಡಿಯಲ್ಲಿಯೇ ತಿನ್ನಿಸಿ ನೋಡತಕ್ಕದ್ದು. ಫಿಲಿಪ್ಪೀನ್ಸ್ ಇಂಡೋನೇಷ್ಯಗಳ ಕಡಲುಗಳಲ್ಲಿ ಸಯನೈಡ್ ವಿಷವನ್ನು ಚಿಮ್ಮಿ ಮೀನುಗಳನ್ನು ಮೂರ್ಛೆಗೊಳಿಸಿ ಹಿಡಿಯುವ ಕ್ರೌರ್ಯವು ನಡೆದುಬಂದಿದೆ. ಹಾಗೆ ಹಿಡಿದುದು ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಅಂಗಗಳು ಕೆಟ್ಟು ಕೆಲವು ವಾರಗಳಲ್ಲಿ ಸಾಯುವುದು. ಹೊಟ್ಟೆ ಒಳಸೇರಿದ, ಮೇವಿಗೆ ತಿರುಗದ ಮೀನನ್ನು ಕನಿಕರದಿಂದಲೂ ತರಬಾರದು. ಮನೆಗೆ ತಂದ ಮೇಲೆ ದಿನಕ್ಕೆ ಎರಡು ಮೂರು ಸಾರಿ ಸ್ವಲ್ಪಸ್ವಲ್ಪವಾಗಿ ಸಣ್ಣ ಸಿಗಡಿ, ಮೀನಿನ ತುಣುಕುಗಳನ್ನು ಹಾಕುತ್ತಿರಬೇಕು. ಹಲ್ಲುಗಳು ಸದಾ ಬೆಳೆಯುವುದರಿಂದ ಆಗಾಗ ಚಿಪ್ಪು ಸಹಿತವಾದುದನ್ನು ಕೊಡುವುದು ಹಿತ. ಹಸಿದ ಅಗುಳಿಮೀನು ನೆರೆಯವರನ್ನು ಪೀಡಿಸುವುದು. ಬೆಚ್ಚಿದಾಗ ನೀರಿನಿಂದ ಹೊರಕ್ಕೆ ನೆಗೆಯುವ ಸ್ವಭಾವವೂ ಇವಕ್ಕುಂಟು. ಕ್ಸ್ಯಾಂತಿಕ್ತಿಸ್ ಇದರಲ್ಲಿ ಮುಂದು. ಆದಕಾರಣ ತೊಟ್ಟಿಯ ಬಾಯಿಗೆ ಬಲೆಯ ಮುಚ್ಚಳವನ್ನು ಬಿಗಿದು, ಅದಕ್ಕೂ ಒಂದು ಅಗುಳಿಯನ್ನು ಹಾಕಿಡುವುದು ಒಳ್ಳೆಯದು.