ಲೆಕ್ಕ ಬರೆಯಲು ಹೊರಟ ತರುಣರಿಗೆ

ಹೋಟೆಲಿನ ಗಲ್ಲಾ ಬಿಟ್ಟು ಈ ಪತ್ರಿಕೆಯ ಮೇಜಿಗೆ ಬಂದ ಮೇಲೂ ನಮ್ಮನ್ನು ಹುಡುಕಿಕೊಂಡು ಬರುವ ತರುಣರು ಕಡಿಮೆಯಾಗಿಲ್ಲ. ಹಿಂದೆ ಕೆಲಸ ಕೇಳಲು ಬರುತ್ತಿದ್ದರು, ಈಗ ಸಲಹೆ ಕೇಳಲು ಬರುತ್ತಾರೆ. ಹಗಲು ಕ್ಯಾಂಟೀನಿನಲ್ಲಿ ದುಡಿದು, ಸಂಜೆಯ ಕಾಲೇಜಿನಲ್ಲಿ ಓದಿ ಬಿ.ಕಾಂ. ತೇರ್ಗಡೆಯಾದ ತರುಣನೊಬ್ಬನು ಕಳೆದ ವಾರ ಬಂದಿದ್ದನು. ನಾಲ್ಕೇ ಮಂದಿ ಇರುವ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಆತನಿಗೆ ಕೆಲಸ ಸಿಕ್ಕಿದೆ. “ತೀರ ಸಣ್ಣ ಜಾಗ, ಅಣ್ಣಾ. ಊರಲ್ಲಿ ಹೇಳಿಕೊಳ್ಳಲೂ ನಾಚಿಕೆ. ದೊಡ್ಡ ಕಂಪೆನಿ ಸಿಗುವ ತನಕ ಕಾಯಲೇ?” ಎಂದು ಕೇಳಿದನು. ಕಾಯಬೇಡವೆಂದು ಹೇಳಿದೆವು. ಅದೇ ಸಂದೇಹ ಇನ್ನೂ ಅನೇಕ ವಾಚಕರಿಗೆ ಇರಬಹುದಾದುದರಿಂದ ನಮ್ಮ ಕಾರಣಗಳನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಬೇಕು. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಒಂದು ರಾತ್ರಿ ಗಲ್ಲಾದಲ್ಲಿ 1,800 ರೂಪಾಯಿ ಕಡಿಮೆ ಬಂದಿತು. ಗಲ್ಲಾದಲ್ಲಿ ಕುಳಿತಿದ್ದವನು ನಮ್ಮ ಊರ ಕಡೆಯ ಹುಡುಗ. ನಮಗೆ ಸಂಶಯ ಹುಟ್ಟಿತು. ಬೆಳಗಾಗುತ್ತಲೇ ಆತನನ್ನು ಊರಿಗೆ ಕಳಿಸುವುದೆಂದು ನಿಶ್ಚಯಿಸಿದೆವು. ಆಗ ನಮ್ಮ ಲೆಕ್ಕ ನೋಡಲು ಸಣ್ಣ ಕಚೇರಿಯೊಂದರಿಂದ ವಾರಕ್ಕೆರಡು ಸಲ ಬರುತ್ತಿದ್ದ ಗುಮಾಸ್ತನು, “ಅಣ್ಣಾ, 1,800 ಒಂಬತ್ತರಿಂದ ಭಾಗವಾಗುತ್ತದೆ. ಅಂಕೆ ಹಿಂದುಮುಂದಾಗಿರಬಹುದು. ಒಂದು ಗಳಿಗೆ ತಾಳಿರಿ” ಎಂದನು. ಪುಸ್ತಕ ತೆರೆದು ನೋಡಿದಾಗ 14,620 ರೂಪಾಯಿಯ ವ್ಯಾಪಾರವನ್ನು 16,420 ಎಂದು ಬರೆದಿತ್ತು. ಬರೆದವರು ನಾವೇ.

ಅಕ್ಕಪಕ್ಕದ ಎರಡು ಅಂಕೆಗಳು ಸ್ಥಾನ ಬದಲಿಸಿದರೆ ಬರುವ ವ್ಯತ್ಯಾಸವು ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಜಮೆಗೆ ಬರೆಯಬೇಕಾದುದನ್ನು ಖರ್ಚಿಗೆ ಬರೆದರೆ ವ್ಯತ್ಯಾಸವು ಆ ಮೊತ್ತದ ಎರಡರಷ್ಟಾಗುತ್ತದೆ. ಆದುದರಿಂದ ಅದನ್ನು ಅರ್ಧ ಮಾಡಿ, ಆ ಮೊತ್ತವನ್ನು ಹುಡುಕಬೇಕು. ಇವು ಸಣ್ಣ ಉಪಾಯಗಳು. ಆದರೆ ಆ ರಾತ್ರಿ ಒಬ್ಬ ಬಡ ಹುಡುಗನ ಅನ್ನವನ್ನೂ ಮಾನವನ್ನೂ ಉಳಿಸಿದುದು ಇಂತಹದೇ ಒಂದು ಉಪಾಯ. ಲೆಕ್ಕ ಬರೆಯುವವನ ಕೈಯಲ್ಲಿ ಇತರರ ಮಾನವಿರುತ್ತದೆ ಎಂಬುದನ್ನು ನಾವು ಅಂದು ಕಲಿತೆವು.

ಆ ಗುಮಾಸ್ತನು ಇದನ್ನು ಕಲಿತದ್ದು ಸಣ್ಣ ಕಚೇರಿಯಲ್ಲಿ. ಅಲ್ಲಿಗೆ ಒಂದು ಹೋಟೆಲಿನ ಇಡೀ ಬಾಳು ಒಂದು ಚೀಲದಲ್ಲಿ ಬರುತ್ತದೆ: ಹಾಲಿನ ಚೀಟಿ, ಗ್ಯಾಸಿನ ಬಿಲ್ಲು, ಬಾಡಿಗೆಯ ರಸೀದಿ, ಬ್ಯಾಂಕಿನ ಪಟ್ಟಿ. ಅವನ್ನು ವಿಂಗಡಿಸಿ, ನಗದು ಪುಸ್ತಕಕ್ಕೂ ಖಾತೆಗಳಿಗೂ ಏರಿಸಿ, ತಾಳೆಪಟ್ಟಿ ಕೂಡಿಸಿ, ಲಾಭ-ನಷ್ಟವನ್ನೂ ಅಢಾವೆ ಪತ್ರಿಕೆಯನ್ನೂ ಸಿದ್ಧಪಡಿಸುವ ತನಕ ಎಲ್ಲವೂ ಒಂದೇ ಮೇಜಿನ ಮೇಲೆ ನಡೆಯುತ್ತದೆ. ದೊಡ್ಡ ಕಂಪೆನಿಯಲ್ಲಿ ಹೊಸಬನಿಗೆ ಅನೇಕ ವೇಳೆ ಸಿಗುವುದು ಇದರ ಒಂದು ತುಂಡು ಮಾತ್ರ. ಲೋಟ ತೊಳೆಯುವುದರಿಂದ ಮೊದಲ್ಗೊಂಡು ಹಿಟ್ಟು ರುಬ್ಬಿ, ಗಲ್ಲಾ ನೋಡಿ, ಎಲ್ಲವನ್ನೂ ಕಲಿತವನೇ ಮುಂದೆ ಸ್ವಂತ ಹೋಟೆಲು ನಡೆಸಬಲ್ಲನು. ಇದು ನಮ್ಮವರಿಗೆ ಬೇರೆಯವರು ಹೇಳಿಕೊಡಬೇಕಾದ ಮಾತಲ್ಲ.

ತಿಂಗಳ ತಾರೀಕುಗಳೂ ಅಲ್ಲಿ ಮೈಗೂಡುತ್ತವೆ. ಮೂಲದಲ್ಲೇ ಮುರಿದುಕೊಂಡ ತೆರಿಗೆಯನ್ನು, ಮಾರ್ಚ್ ತಿಂಗಳದೊಂದನ್ನು ಬಿಟ್ಟು, ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು. ಪ್ರತಿ ತಿಂಗಳೂ ಲೆಕ್ಕ ಒಪ್ಪಿಸುವವರು ಜಿ.ಎಸ್.ಟಿ.ಯ ಮಾರಾಟದ ವಿವರವನ್ನು 11ರೊಳಗೆ, ತೆರಿಗೆಯ ಪತ್ರವನ್ನು 20ರೊಳಗೆ ಸಲ್ಲಿಸಬೇಕು. ನೌಕರರ ಭವಿಷ್ಯನಿಧಿಗೆ 15ನೆಯ ತಾರೀಕು. ಒಂದು ದಿನ ತಪ್ಪಿದರೆ ಕಕ್ಷಿದಾರನಿಗೆ ದಂಡವೋ ಬಡ್ಡಿಯೋ ಬೀಳುತ್ತದೆ.

ಹೋಟೆಲು ಕೆಲಸದ ಅನುಭವವೂ ಇಲ್ಲಿ ವ್ಯರ್ಥವಾಗದು. 2017ರ ನವೆಂಬರ್ 15ರಿಂದ ಸಾಮಾನ್ಯ ಉಪಾಹಾರಗೃಹಗಳಿಗೆ ಜಿ.ಎಸ್.ಟಿ. ದರ ನೂರಕ್ಕೆ 5. ಆದರೆ ಸಾಮಾನು ಕೊಳ್ಳುವಾಗ ತೆತ್ತ ತೆರಿಗೆಯನ್ನು ಅದರಲ್ಲಿ ಕಳೆಯುವಂತಿಲ್ಲ. ಅದು ಖರ್ಚಿಗೇ ಸೇರುತ್ತದೆ. ಇದನ್ನರಿಯದೆ ತಿಂಡಿಯ ಬೆಲೆ ಕಟ್ಟಿದ ಮಾಲಿಕನಿಗೆ ತಿಳಿಹೇಳುವ ಗುಮಾಸ್ತನು ಬರಿಯ ಬರೆಹಗಾರನಲ್ಲ, ಸಲಹೆಗಾರನು.

ಟ್ಯಾಲಿಯನ್ನು ಅವಶ್ಯವಾಗಿ ಕಲಿಯಿರಿ. ಅದು ನಮ್ಮ ಬೆಂಗಳೂರಿನ ಕಂಪೆನಿಯದು. ಆದರೆ ಯಂತ್ರ ಕಲಿತರೆ ಲೆಕ್ಕ ಕಲಿತಂತಾಗದು. ಹೊಸ ಗ್ರೈಂಡರಿನ ಬೆಲೆಯನ್ನು ರಿಪೇರಿಯ ಖಾತೆಗೆ ಬರೆದರೂ ಕಂಪ್ಯೂಟರಿನ ಎರಡು ಬದಿಗಳು ಸರಿಯಾಗಿಯೇ ಕೂಡುತ್ತವೆ. ಲಾಭ ಮಾತ್ರ ಸುಳ್ಳಾಗುತ್ತದೆ, ಇರುವ ಆಸ್ತಿ ಕಾಗದದಿಂದ ಮಾಯವಾಗುತ್ತದೆ. ಅದನ್ನು ಹಿಡಿಯಬೇಕಾದವನು ಮನುಷ್ಯನೇ.

ಸಣ್ಣ ಕಚೇರಿಯ ತೊಂದರೆಗಳನ್ನು ಮುಚ್ಚಿಡುವುದು ಸರಿಯಲ್ಲ. ಸಂಬಳ ಕಡಿಮೆ. ಚಹಾ ತರುವುದು, ಬ್ಯಾಂಕಿಗೆ ಓಡುವುದು ಇವುಗಳಲ್ಲೇ ವರ್ಷ ಕಳೆದುಹೋಗುವುದೂ ಉಂಟು. ಆದುದರಿಂದ ಸೇರುವಾಗಲೇ ವಿನಯದಿಂದ ಮೂರು ಮಾತು ಕೇಳಿರಿ: ನೇಮಕದ ಪತ್ರ ಕೊಡುವಿರಾ? ಪರೀಕ್ಷೆಗೆ ರಜೆ ಸಿಗುವುದೇ? ಒಬ್ಬ ಕಕ್ಷಿದಾರನ ಲೆಕ್ಕವನ್ನಾದರೂ ಮೊದಲಿನಿಂದ ಕೊನೆಯ ತನಕ ನನ್ನ ಕೈಯಿಂದ ಮಾಡಿಸುವಿರಾ? ಎರಡು ವರ್ಷದ ಮೇಲೂ ಮೂರನೆಯದು ಕೈಗೂಡದಿದ್ದರೆ ಬೇರೆ ಜಾಗ ನೋಡಿರಿ. ಕಕ್ಷಿದಾರನ ತೆರಿಗೆಯ ಹಣವನ್ನು ಎಂದಿಗೂ ನಿಮ್ಮ ಸ್ವಂತ ಖಾತೆಗೆ ಹಾಕಿಸಿಕೊಳ್ಳಬೇಡಿ. ಬಾರದ ಸಾಮಾನಿಗೆ ಬಿಲ್ಲು ಬರೆಯೆಂದು ಯಾರೇ ಹೇಳಿದರೂ ಬರೆಯಬೇಡಿ. ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಹೆಸರು ಹೋದರೆ ಈ ವೃತ್ತಿಯಲ್ಲಿ ಮತ್ತೆ ಸಿಗದು.

ಮುಂದೆ ಓದಬೇಕೆನ್ನುವವರಿಗೆ ದಾರಿ ತೆರೆದಿದೆ. 1949ರ ಕಾಯಿದೆಯಂತೆ ಸ್ಥಾಪನೆಯಾದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು, ಪದವಿಯಲ್ಲಿ ನೂರಕ್ಕೆ 55 ಅಂಕ ಪಡೆದ ವಾಣಿಜ್ಯ ಪದವೀಧರರನ್ನು ನೇರವಾಗಿ ಇಂಟರ್‌ಮೀಡಿಯೇಟಿಗೆ ಸೇರಿಸಿಕೊಳ್ಳುತ್ತದೆ. ಅದರ ಎರಡೂ ಗುಂಪುಗಳಲ್ಲಿ ತೇರ್ಗಡೆಯಾದ ಮೇಲೆ ತರಬೇತಿ. 2023ರ ಹೊಸ ಪದ್ಧತಿಯಲ್ಲಿ ಅದರ ಅವಧಿ 3 ವರ್ಷದಿಂದ 2 ವರ್ಷಕ್ಕೆ ಇಳಿದಿದೆ.

ಗಲ್ಲಾದ ಆ ಹುಡುಗನ ಕೆಲಸ ಉಳಿಯಿತು. ಆದರೆ ನಾವು ಆತನಲ್ಲಿ ತಪ್ಪಾಯಿತೆಂದು ಹೇಳಲಿಲ್ಲ. ಮಾಲಿಕತನದ ಬಿಗುಮಾನ ಅಡ್ಡ ಬಂದಿತು. ಆ ಬಾಕಿ ನಮ್ಮ ಲೆಕ್ಕದಲ್ಲಿ ಇಂದಿಗೂ ತೀರದೆ ಉಳಿದಿದೆ.

ನಮ್ಮಲ್ಲಿಗೆ ಬಂದಿದ್ದ ತರುಣನು ಸೋಮವಾರದಿಂದ ಕೆಲಸಕ್ಕೆ ಹೋಗುವುದಾಗಿ ತಿಳಿಸಿದ್ದಾನೆ. ಊರಿಗೂ ಫೋನು ಮಾಡಿ ಹೇಳಿದನಂತೆ. ಆತನಿಗೂ ಆತನಂತಹ ಎಲ್ಲರಿಗೂ ಶ್ರೇಯಸ್ಸಾಗಲಿ.