ದುಃಖದ ಬಟ್ಟಲು

ಅರಸನ ಮುದ್ರೆ ಹೊತ್ತ ಬಟ್ಟಲೊಂದಕ್ಕೆ ‘ದುಃಖದ ಬಟ್ಟಲು’ ಎಂಬ ಹೆಸರು ಬಂದ ಕಥೆ ಗೊತ್ತೇ? 1896ರ ಮೇ 30ರಂದು ಮಾಸ್ಕೋದ ಖೋದಿಂಕಾ ಮೈದಾನದಲ್ಲಿ, ಝಾರ್ ಎರಡನೆಯ ನಿಕೊಲಾಸನ ಪಟ್ಟಾಭಿಷೇಕದ ನೆನಪಿಗೆ ಎನಾಮಲ್ ಬಟ್ಟಲು, ತಿಂಡಿ ಹಂಚುತ್ತಾರೆಂದು ಲಕ್ಷಾಂತರ ಜನ ಸೇರಿದರು. ನೂಕುನುಗ್ಗಲಿನಲ್ಲಿ, ಸರಕಾರಿ ಲೆಕ್ಕದಂತೆಯೇ, 1389 ಮಂದಿ ಸತ್ತರು. ಅಂದು ರಾತ್ರಿಯೇ ಝಾರ್ ಫ್ರೆಂಚ್ ರಾಯಭಾರಿಯ ನೃತ್ಯಕೂಟಕ್ಕೆ ಹೋದ!

ನಮ್ಮ ಮುಂಬಯಿಗೂ ಇಂಥ ನೆನಪಿದೆ. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ವಿಕ್ಟೋರಿಯಾ ರಾಣಿಯ ಚಿತ್ರವುಳ್ಳ ಹಳೆಯ ಪಿಂಗಾಣಿ ಬಟ್ಟಲು ಕಣ್ಣಿಗೆ ಬಿದ್ದರೆ ಇಸವಿ ನೋಡಿ. 1897 ಎಂದಿದ್ದರೆ ಅದು ಆಕೆಯ ಆಳ್ವಿಕೆಗೆ 60 ವರ್ಷ ತುಂಬಿದ ಉತ್ಸವದ್ದು. ಆದರೆ 1896ರ ಸೆಪ್ಟೆಂಬರಿನಲ್ಲೇ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತ್ತು. ಸಾವಿರಾರು ಜನ ಸತ್ತರು. 3 ಲಕ್ಷಕ್ಕೂ ಮಿಕ್ಕಿ ಜನ ಊರು ಬಿಟ್ಟರು. 1897ರ ಜೂನ್ 22ರಂದು ಪುಣೆಯಲ್ಲಿ, ಪ್ಲೇಗಿನ ಹೆಸರಿನ ಮನೆಶೋಧದಿಂದ ರೊಚ್ಚಿಗೆದ್ದ ಚಾಪೇಕರ್ ಸೋದರರು, ಅದೇ ಉತ್ಸವದಿಂದ ಮರಳುತ್ತಿದ್ದ ಪ್ಲೇಗ್ ಅಧಿಕಾರಿ ರ‍್ಯಾಂಡನಿಗೆ ಗುಂಡಿಕ್ಕಿದರು.

ಬಟ್ಟಲಿನ ಮೇಲೆ ಕಿರೀಟವಿದೆ, ಸತ್ತವರಿಲ್ಲ. ಆ ದಿನಗಳ ನಿಜವಾದ ಸ್ಮಾರಕ ಪರೇಲಿನಲ್ಲಿದೆ. ಅದೇ ಝಾರ್‌ನ ನಾಡಿನ ಒಡೆಸ್ಸಾದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಪ್ಲೇಗ್ ಲಸಿಕೆ ತಯಾರಿಸಿ, ಮೊದಲು ತಮ್ಮ ಮೈಗೇ ಚುಚ್ಚಿಕೊಂಡ ಹಾಫ್ಕಿನ್ ಅವರ ಹೆಸರಿನ ಸಂಸ್ಥೆ ಅದು. ಆ ದಾರಿಯಾಗಿ ಹೋಗುವಾಗ ಒಮ್ಮೆ ತಲೆಯೆತ್ತಿ ನೋಡಿ.