ಹೆಸರಿನೊಳಗೆ ಸೇರಿದ ಅಂಕ
ಎಕ್ಸಿಮ್ ಎಂಬ ಮಿಂಚಂಚೆ-ಸರ್ವರಿನ ತಂತ್ರಾಂಶವನ್ನು ಫಿಲಿಪ್ ಹೇಝಲ್ ಅವರು 1995ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ರಚಿಸಿದರು. 2002ರಲ್ಲಿ ಹೊರಬಂದ ಅದರ ನಾಲ್ಕನೆಯ ಆವೃತ್ತಿಯು ಮೂರನೆಯದರ ಸಂರಚನಾ ಕಡತವನ್ನು ಹಾಗೆಯೇ ಅಂಗೀಕರಿಸಲಾರದು. ಹೆಸರು ಬದಲಾಗದೆ ಆವೃತ್ತಿಯಷ್ಟೇ ಏರಿದ್ದರೆ, ಪ್ಯಾಕೇಜು-ನಿರ್ವಾಹಕವು ಅದನ್ನು ಸಾಮಾನ್ಯ ನವೀಕರಣವೆಂದೇ ಬಗೆಯುತ್ತಿದ್ದಿತು. ನಡೆಯುತ್ತಿದ್ದ ಅಂಚೆಯೇ ನಿಂತುಹೋಗಬಹುದಾಗಿದ್ದಿತು. ಆದುದರಿಂದ ಡೆಬಿಯನ್ ಲಿನಕ್ಸಿನವರು ‘ಎಕ್ಸಿಮ್4’ ಎಂಬ ಬೇರೆ ಹೆಸರನ್ನೇ ಇತ್ತರು. ಇಮ್ಮಡಿ ಪುಲಕೇಶಿಯನ್ನು ಅಂಕದಿಂದಲೇ ಗುರುತಿಸುವ ನಮ್ಮಂಥ ಚರಿತ್ರೆಯವರಿಗೆ ಇದು ವಿಚಿತ್ರವೆನಿಸದು.

ಆದರೆ ಹೆಸರು ಬೇರೆಯಾದ ಮಾತ್ರಕ್ಕೆ ತೊಡಕು ತೀರಲಿಲ್ಲ. ಎಕ್ಸಿಮ್, ಪೋಸ್ಟ್‌ಫಿಕ್ಸ್ ಮೊದಲಾದುವೆಲ್ಲ ‘ಸೆಂಡ್‌ಮೇಲ್’ ಎಂಬ ಒಂದೇ ಹೆಸರಿನ ಆಜ್ಞೆಯನ್ನು ಸ್ಥಾಪಿಸುವುವು. ಒಂದು ಕಡತಕ್ಕೆ ಇಬ್ಬರು ಒಡೆಯರಿರಲಾಗದು. ಅದಕ್ಕಾಗಿ ಪ್ರತಿಯೊಂದೂ ‘ಮೇಲ್-ಟ್ರಾನ್ಸ್‌ಪೋರ್ಟ್-ಏಜೆಂಟ್’ ಎಂಬ ಕಲ್ಪಿತ ಪ್ಯಾಕೇಜನ್ನು ತಾನು ಒದಗಿಸುವೆನೆಂದೂ, ಅದನ್ನೇ ಒದಗಿಸುವ ಅನ್ಯರೊಡನೆ ತನಗೆ ವಿರೋಧವೆಂದೂ ಸಾರುತ್ತದೆ. ಹೊಸದು ಬಂದೊಡನೆ ಹಳೆಯದು ತೊಲಗುತ್ತದೆ. ಅದರ ಸಂರಚನಾ ಕಡತಗಳು ಮಾತ್ರ, ನಾವು ಬೇರೆಯಾಗಿ ಅಳಿಸುವವರೆಗೂ, ಉಳಿದಿರುತ್ತವೆ.